ಚಿಪ್ ಬದಲಾದರೆ ಬ್ರೇಕಿನ ಗತಿಯೇನು?



ಪುಣೆಯ ಕನ್ನಡಿಗರ ಎಷ್ಟೋ ಮನೆಗಳ ಮಕ್ಕಳು ಹಿಂಜವಡಿಯಲ್ಲಿ ‘ಎಂಬೆಡೆಡ್’ ಎಂಬ ಕೆಲಸದಲ್ಲಿದ್ದಾರೆ. ಏನು ಮಾಡ್ತೀಯಪ್ಪಾ ಎಂದು ಕೇಳಿದರೆ, ‘ಗಾಡಿಯ ಸಾಫ್ಟ್‌ವೇರು’ ಎಂದಷ್ಟೇ ಹೇಳಿ ಊಟಕ್ಕೆ ಕೂರುತ್ತಾರೆ. ಆ ಕೆಲಸದ ಒಂದು ತುಣುಕನ್ನಾದರೂ ನಾವು ತಿಳಿದುಕೊಳ್ಳೋಣ.

ಬ್ರೇಕು, ಏರ್‌ಬ್ಯಾಗುಗಳನ್ನು ನೋಡಿಕೊಳ್ಳುವ ಪುಟ್ಟ ಗಣಕಗಳನ್ನು ನಡೆಸುವುದು ‘ರಿಯಲ್ ಟೈಮ್’ ಕಾರ್ಯವ್ಯವಸ್ಥೆ. ಇಲ್ಲಿ ಉತ್ತರ ಸರಿಯಿದ್ದರೆ ಸಾಲದು, ಹೇಳಿದ ಹೊತ್ತಿಗೆ ಬರಬೇಕು. ಬ್ಯಾಂಕಿನ ಗಣಕ ಎರಡು ಸೆಕೆಂಡು ತಡಮಾಡಿದರೆ ನೀವು ಗೊಣಗುತ್ತೀರಿ, ಅಷ್ಟೆ. ಏರ್‌ಬ್ಯಾಗಿಗೆ ಸಿಗುವುದು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು.

ತೊಂದರೆ ಏನೆಂದರೆ, ಒಂದೊಂದು ಕಂಪನಿಯ ಚಿಪ್ಪಿಗೆ ಒಂದೊಂದು ಭಾಷೆ. ಹೊಸದಾಗಿ ಪುಣೆಗೆ ಬಂದವರು ಮಂಡಈಗೆ ಪಕ್ಕದ ಮನೆಯವರನ್ನು ಕರೆದೊಯ್ಯುವುದುಂಟಲ್ಲ? ನೀವು ‘ಕೊತ್ತಂಬರಿ’ ಎಂದರೆ ಅವರು ‘ಕೋಥಿಂಬೀರ್’ ಎಂದು ಕೊಡಿಸುತ್ತಾರೆ. ನಾಳೆ ಚೆನ್ನೈಗೆ ವರ್ಗವಾದರೆ ನಿಮ್ಮ ಅಡುಗೆ ಬದಲಾಗಬೇಕಿಲ್ಲ, ದುಭಾಷಿ ಬದಲಾದರೆ ಸಾಕು. ಚಿಪ್ಪಿಗೂ ಅದರ ಮೇಲಿನ ತಂತ್ರಾಂಶಕ್ಕೂ ನಡುವೆ ಹೀಗೆ ದುಭಾಷಿಯಾಗಿ ಕೂರುವ ಪದರವೇ ‘ಹಾರ್ಡ್‌ವೇರ್ ಅಬ್‌ಸ್ಟ್ರಾಕ್ಷನ್ ಲೇಯರ್’. 2003ರಲ್ಲಿ ಬಿಎಂಡಬ್ಲ್ಯು, ಬಾಷ್, ಫೋಕ್ಸ್‌ವ್ಯಾಗನ್ ಮೊದಲಾದವು ಸೇರಿ ಕಟ್ಟಿದ ‘ಆಟೋಸಾರ್’ ಒಕ್ಕೂಟ ಇದಕ್ಕೆ ಸಾಮಾನ್ಯ ನಿಯಮ ಹಾಕಿಕೊಟ್ಟಿತು. ನಮ್ಮ ಪುಣೆಯಲ್ಲೇ 1990ರಲ್ಲಿ ಹುಟ್ಟಿದ ಕೆಪಿಐಟಿ ಈ ನಿಯಮದಂತೆ ತಂತ್ರಾಂಶ ಮಾಡುವ ಕಂಪನಿಗಳಲ್ಲೊಂದು.

ಇದರ ಬೆಲೆ ಲೋಕಕ್ಕೆ ತಿಳಿದದ್ದು 2021ರಲ್ಲಿ. ಮೊದಲೇ ಚಿಪ್ಪಿನ ಬರ. ಮಾರ್ಚ್ 19ರಂದು ಜಪಾನಿನಲ್ಲಿ ವಾಹನಗಳ ಚಿಪ್ ಮಾಡುವ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆಗೆ ಬೆಂಕಿ ಬಿತ್ತು. ಚಾಕಣದಲ್ಲೂ ಕಾರ್ಖಾನೆಯಿರುವ ಮಹೀಂದ್ರ ಕಂಪನಿ ಸೆಪ್ಟೆಂಬರಿನಲ್ಲಿ ಸುಮಾರು ಏಳು ದಿನ ಉತ್ಪಾದನೆ ಇಲ್ಲವೆಂದು ಪ್ರಕಟಿಸಿತು. ಟೆಸ್ಲಾದವರು ಸಿಕ್ಕ ಬೇರೆ ಚಿಪ್ಪುಗಳಿಗೆ ಒಗ್ಗುವಂತೆ ತಂತ್ರಾಂಶ ಬರೆದುಕೊಂಡು ಗಾಡಿ ಹೊರತಂದರು.

ಹಾಗಾದರೆ ದುಭಾಷಿ ಬದಲಿಸಿದರೆ ಮುಗಿಯಿತೇ? ಇಲ್ಲ. ಇಲ್ಲಿಯೇ ಇರುವುದು ಕಷ್ಟ. ಕಾರ್ಯವ್ಯವಸ್ಥೆಗೆ ಪ್ರತಿ ಮಿಲಿಸೆಕೆಂಡಿಗೊಮ್ಮೆ ಗಡಿಯಾರದ ತಟ್ಟು ಬೇಕು ಎನ್ನಿ. ಸೆಕೆಂಡಿಗೆ 8 ಕೋಟಿ ಬಾರಿ ಮಿಡಿಯುವ ಚಿಪ್ಪಿನಲ್ಲಿ 80,000 ಎಣಿಸಿ ತಟ್ಟಬೇಕು. 12 ಕೋಟಿ ಮಿಡಿತದ ಚಿಪ್ಪಿನಲ್ಲಿ 1,20,000. ಹಳೆಯ ಅಂಕಿಯೇ ಉಳಿದರೆ ಗಡಿಯಾರ ಒಂದೂವರೆ ಪಟ್ಟು ಓಡುತ್ತದೆ! ಇಂಥ ಅಂಕಿಗಳನ್ನು ಆ ಪದರದಲ್ಲಿ ಒಂದೇ ಕಡೆ ತಿದ್ದಬಹುದು, ಅದು ಅದರ ಉಪಕಾರ. ಆದರೆ ದುಭಾಷಿ ಮಾತು ತಿರುಗಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ? ಅದು ಪ್ರತಿ ಚಿಪ್ಪಿಗೂ ಬೇರೆ. ಸರಾಸರಿ ಲೆಕ್ಕ ಇಲ್ಲಿ ನಡೆಯದು. ಹತ್ತು ಕೆಲಸ ಒಟ್ಟಿಗೆ ಮೈಮೇಲೆ ಬಿದ್ದ ಕ್ಷಣದಲ್ಲೂ ಬ್ರೇಕಿನ ಸರದಿ ತಪ್ಪಬಾರದು. ಆದ್ದರಿಂದ ತಂತ್ರಾಂಶದ ಒಂದಕ್ಷರ ಬದಲಾಗದಿದ್ದರೂ, ಚಿಪ್ ಬದಲಾಯಿತೆಂದರೆ ಆ ಅತಿ ಕೆಟ್ಟ ಕ್ಷಣವನ್ನು ಪ್ರಯೋಗಾಲಯದಲ್ಲಿ ಬೇಕೆಂದೇ ತಂದುಕೊಂಡು, ಪ್ರತಿಯೊಂದನ್ನೂ ಹೊಸದಾಗಿ ಅಳೆಯುತ್ತಾರೆ.