ಸೆಕೆಂಡಿಗೆ ಎಂಬತ್ತಮೂರು ಕಿಡಿ

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿ ಹಿಡಿದರೆ ವಸಂತನರಸಾಪುರ. ಅಲ್ಲಿ ಯಂತ್ರೋಪಕರಣ ತಯಾರಿಕೆಗೆಂದೇ ಮೀಸಲಿಟ್ಟ 530 ಎಕರೆಯ ಮೆಷಿನ್ ಟೂಲ್ ಪಾರ್ಕ್ ಇದೆ. ನೆಲದ ಲೆಕ್ಕ ಎಕರೆಯಲ್ಲಿ, ಈ ಕಸುಬಿನ ಲೆಕ್ಕ ಮೈಕ್ರಾನಿನಲ್ಲಿ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಇಂಥ ಅಳತೆಗೆ ಲಕ್ಷಾಂತರ ರೂಪಾಯಿಯ ಯಂತ್ರ, ಗಾಳಿಯ ಬಿಸಿ ಏರದಂತೆ ಕಾಯ್ದ ಕೋಣೆ, ಗ್ರಾನೈಟ್ ಮೇಜು ಎಲ್ಲ ಬೇಕು ಎಂದು ನಾವು ನಂಬಿದ್ದೇವೆ. ನಂಬಿಕೆ ತಪ್ಪೇನಲ್ಲ. ಆದರೆ ಘಟ್ಟ ಇಳಿದು ಮಲ್ಪೆಗೋ ಗಂಗೊಳ್ಳಿಗೋ ಹೋದರೆ, ಮರಳ ಮೇಲೆ ಎಳೆದಿಟ್ಟ ನಾಡದೋಣಿಯ ಹಿಂಬದಿಯಲ್ಲಿ ತೂಗುವ ಔಟ್‌ಬೋರ್ಡ್ ಎಂಜಿನ್ ಕೂಡ ಇದೇ ಅಳತೆಯನ್ನು ಕೇಳುತ್ತದೆ. ಅದೂ ಉಪ್ಪುಗಾಳಿಯಲ್ಲಿ, ಕೈಗೆ ಎಣ್ಣೆ ಮೆತ್ತಿರುವಾಗ.

ನಾನು ಹೇಳಹೊರಟಿರುವುದು ಕಿಡಿ ಕೊಡಲು ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ಇರುವ ಹಳೆಯ ಎಂಜಿನ್ನಿನ ಮಾತು. ಮೇಲಿನ ಮುಚ್ಚಳ ತೆಗೆದರೆ ತಟ್ಟೆಯಂಥ ಫ್ಲೈವೀಲ್ ಕಾಣುತ್ತದೆ. ಅದರ ಅಂಚಿನೊಳಗೆ ಆಯಸ್ಕಾಂತಗಳಿರುವುದರಿಂದ ಬಹಳ ಮೆಕ್ಯಾನಿಕ್‌ಗಳು ಇಡೀ ಚಕ್ರವನ್ನೇ ‘ಮ್ಯಾಗ್ನೆಟ್’ ಎನ್ನುತ್ತಾರೆ. ಕಿಡಿಗೆ ಬ್ಯಾಟರಿ ಬೇಕಿಲ್ಲ. ಆಯಸ್ಕಾಂತ ಕಾಯಿಲ್ ಪಕ್ಕ ಹಾದಾಗ ಕರೆಂಟ್ ಹುಟ್ಟುತ್ತದೆ. ಆ ಕರೆಂಟ್ ತುದಿ ಮುಟ್ಟಿದ ಹೊತ್ತಿಗೆ ಪಾಯಿಂಟ್ ಬಾಯಿ ಬಿಟ್ಟು ಸರ್ಕ್ಯೂಟ್ ಕಡಿಯುತ್ತದೆ, ಕಂಡೆನ್ಸರ್ ಆ ಕಡಿತವನ್ನು ಚುರುಕುಗೊಳಿಸುತ್ತದೆ, ಕಾಯಿಲಿನ ಎರಡನೇ ಸುರುಳಿಯಲ್ಲಿ 10,000 ವೋಲ್ಟಿಗೂ ಮೀರಿದ ಒತ್ತಡ ಏಳುತ್ತದೆ. ಮನೆಯ ಕರೆಂಟಿನ ನಲವತ್ತು ಪಟ್ಟಿಗೂ ಹೆಚ್ಚು! ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ.

ಇದು ಎಷ್ಟು ಸಲ? ಎಂಜಿನ್ ನಿಮಿಷಕ್ಕೆ 5,000 ಸುತ್ತು ಓಡುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ. ಅಂದರೆ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 83. ತುಮಕೂರಿನಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಇದ್ದುದನ್ನು ನಮ್ಮ ಕಡೆಯವರು ಇನ್ನೂ ಅಭಿಮಾನದಿಂದ ನೆನೆಯುತ್ತಾರೆ. ಎಚ್‌ಎಂಟಿಯ ಕೀಲಿ ಕೊಡುವ ಜನತಾ ವಾಚು ಗಂಟೆಗೆ 18,000 ಸಲ, ಸೆಕೆಂಡಿಗೆ 5 ಸಲ ಮಿಡಿಯುತ್ತದೆ. ಗಾಜಿನ ಕೆಳಗೆ, ಧೂಳು ತಾಗದ ಹಾಗೆ ಮುಚ್ಚಿಟ್ಟ ಆ ವಾಚಿಗಿಂತ ಹದಿನಾರು ಪಟ್ಟು ಮಿಕ್ಕಿದ ವೇಗದಲ್ಲಿ, ಅಲೆ ಬಡಿಯುವ ದೋಣಿಯ ತುದಿಯಲ್ಲಿ ಪಾಯಿಂಟ್ ತೆರೆದು ಮುಚ್ಚುತ್ತಿರುತ್ತದೆ.

ಒಂದು ಸುತ್ತಿಗೆ ಹಿಡಿಯುವ ಕಾಲ 12 ಮಿಲಿಸೆಕೆಂಡ್. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಯ ಪಾಲಿಗೆ ಬರುವುದು 33 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಮೂವತ್ತು ಸಾವಿರದಲ್ಲೊಂದು ಪಾಲು. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸಾಗುವುದು ಕೇವಲ 11 ಮಿಲಿಮೀಟರ್. ಟೈಮಿಂಗ್ ಒಂದೆರಡು ಡಿಗ್ರಿ ಆಚೀಚೆ ಆಗಿದೆ ಎಂದು ಮೆಕ್ಯಾನಿಕ್ ಗೊಣಗಿದರೆ ಆತ ಇಷ್ಟು ಸಣ್ಣ ಕಾಲದ ಬಗ್ಗೆ ಮಾತಾಡುತ್ತಿದ್ದಾನೆ.

ಈ ಚೂರು ಕಾಲಕ್ಕೆ ಬೆಲೆ ಬಂದಿದ್ದು ಬೆಂಕಿಯ ನಿಧಾನದಿಂದ. ಕಿಡಿ ಹಾರಿದ ಕ್ಷಣಕ್ಕೆ ಗಾಳಿ-ಇಂಧನದ ಮಿಶ್ರಣವೆಲ್ಲ ಒಟ್ಟಿಗೇ ಹೊತ್ತಿಕೊಳ್ಳುವುದಿಲ್ಲ. ಜ್ವಾಲೆ ಪ್ಲಗ್ಗಿನಿಂದ ಹೊರಟು ಸಿಲಿಂಡರಿನ ಮೂಲೆ ಮುಟ್ಟಲು ಒಂದು ಮಿಲಿಸೆಕೆಂಡಿನ ಆಸುಪಾಸು ಬೇಕು. ಅಷ್ಟರಲ್ಲಿ ಕ್ರ್ಯಾಂಕು ಮೂವತ್ತು ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಕೊಡಬೇಕು. ಬೆಂಕಿಯ ಪೂರ್ತಿ ಒತ್ತಡ ಬರುವ ಹೊತ್ತಿಗೆ ಪಿಸ್ಟನ್ ತುದಿ ಮುಟ್ಟಿ ಆಗತಾನೆ ಕೆಳಗೆ ತಿರುಗಿರಬೇಕು. ಬೇಗ ಆದರೆ ಏರುವ ಪಿಸ್ಟನ್ನಿಗೆ ಎದುರೇಟು, ತಲೆ ಸುಡುವ ನಾಕಿಂಗ್. ತಡವಾದರೆ ಬಲವೆಲ್ಲ ಸೈಲೆನ್ಸರಿನ ಪಾಲು, ಎಂಜಿನ್ ಕಾಯುತ್ತದೆ. ಕರಾವಳಿಯ ದೋಣಿಗಳಲ್ಲಿ ಪೆಟ್ರೋಲಿನಿಂದ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವ ಎಂಜಿನ್‌ಗಳುಂಟು. ಸೀಮೆಎಣ್ಣೆ ಪೆಟ್ರೋಲಿಗಿಂತ ಸುಲಭವಾಗಿ ನಾಕ್ ಹೊಡೆಯುವುದರಿಂದ ಅಲ್ಲಿ ಟೈಮಿಂಗಿನ ತಪ್ಪಿಗೆ ಇನ್ನೂ ಕಡಿಮೆ ಕ್ಷಮೆ.

ಆ ಪಿಸ್ಟನ್ನಿನ ಪಾಡನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. 50 ಮಿಲಿಮೀಟರ್ ಸ್ಟ್ರೋಕು, ಅದರ ಎರಡರಷ್ಟು ಉದ್ದದ ಕನೆಕ್ಟಿಂಗ್ ರಾಡು ಎಂದು ಹಿಡಿದರೆ, 5,000 ಸುತ್ತಿನಲ್ಲಿ ಪಿಸ್ಟನ್ ಸೆಕೆಂಡಿಗೆ 167 ಸಲ ಪೂರ್ತಿ ನಿಂತು ಮತ್ತೆ ಓಡುತ್ತದೆ. ತುದಿಯಲ್ಲಿ ತಿರುಗಿಕೊಳ್ಳುವಾಗ ಅದರ ಮೇಲೆ ಬೀಳುವ ಸೆಳೆತ ಭೂಮಿಯ ಗುರುತ್ವದ ಸುಮಾರು 870 ಪಟ್ಟು. 200 ಗ್ರಾಮಿನ ಪಿಸ್ಟನ್ ಆ ಗಳಿಗೆಗೆ ಒಂದೂಮುಕ್ಕಾಲು ಕ್ವಿಂಟಲ್ ತೂಗುತ್ತದೆ. ಇಂಥ ಅಬ್ಬರದ ನಡುವೆ 33 ಮೈಕ್ರೊಸೆಕೆಂಡಿನ ಶಿಸ್ತು.

ಈ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಬೇರೆಯೇ. ಮೆಕ್ಯಾನಿಕ್ ಕಾಲವನ್ನು ಅಳೆಯುವುದೇ ಇಲ್ಲ. ಅವನ ಕೈಯಲ್ಲಿ ಗಡಿಯಾರವಿಲ್ಲ, ಎಂಜಿನ್ ಓಡುತ್ತಲೂ ಇಲ್ಲ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡಯಲ್ ಗೇಜ್ ಇಳಿಸಿ, ಫ್ಲೈವೀಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ಪಿಸ್ಟನ್ ತುದಿ ಮುಟ್ಟುವ ಜಾಗ ಹುಡುಕುತ್ತಾನೆ. ಅಲ್ಲಿಂದ ಚಕ್ರವನ್ನು ಹಿಂದಕ್ಕೆ ಸರಿಸಿ, ಪಿಸ್ಟನ್ನನ್ನು ಆ ಎಂಜಿನ್ನಿಗೆ ಹೇಳಿರುವಷ್ಟು ಮಿಲಿಮೀಟರ್ ಕೆಳಗೆ ನಿಲ್ಲಿಸುತ್ತಾನೆ. ನಮ್ಮ ಲೆಕ್ಕದ ಎಂಜಿನ್ನಿನಲ್ಲಿ ತುದಿಗೆ 25 ಡಿಗ್ರಿ ಮುಂಚೆ ಎಂದರೆ ಪಿಸ್ಟನ್ 2.9 ಮಿಲಿಮೀಟರ್ ಕೆಳಗಿರುತ್ತದೆ. ಅಲ್ಲಿ ಒಂದು ಡಿಗ್ರಿಯ ವ್ಯತ್ಯಾಸ 0.2 ಮಿಲಿಮೀಟರ್. ಸರಿಯಾಗಿ ಆ ಜಾಗದಲ್ಲಿ ಪಾಯಿಂಟ್ ಬಾಯಿ ಬಿಡಲು ಶುರುಮಾಡಬೇಕು. ಮೀಟರ್ ಇದ್ದರೆ ಮುಳ್ಳು ಹೇಳುತ್ತದೆ. ಇಲ್ಲದಿದ್ದರೆ ಪಾಯಿಂಟ್ ನಡುವೆ ಸಿಗರೇಟಿನ ತೆಳುಕಾಗದದ ಚೂರು ಸಿಕ್ಕಿಸಿ ಹಗುರವಾಗಿ ಎಳೆಯುತ್ತಾ ಫ್ಲೈವೀಲ್ ತಿರುಗಿಸುವುದು ಹಳಬರ ಪದ್ಧತಿ. ಹಿಡಿತ ಬಿಟ್ಟು ಕಾಗದ ಜಾರಿದ ಜಾಗವೇ ಕಿಡಿಯ ಜಾಗ. ಸೆಕೆಂಡಿನ ಮೂವತ್ತು ಸಾವಿರದಲ್ಲೊಂದು ಪಾಲನ್ನು, ನಿಂತ ಎಂಜಿನ್ನಿನಲ್ಲಿ, ಬೆರಳ ತುದಿಯ ಸ್ಪರ್ಶದಿಂದ ಹಿಡಿಯುವುದೆಂದರೆ ಇದು. ಕಾಲದ ಲೆಕ್ಕವೆಲ್ಲ ಲೋಹದ ಆಕಾರದೊಳಗೆ ಹುದುಗಿದೆ, ಅವನು ಅದನ್ನು ಜಾಗವಾಗಿ ಮುಟ್ಟಿ ನೋಡುತ್ತಾನೆ.

ಅದಕ್ಕೂ ಮೊದಲು ಗ್ಯಾಪ್ ಸರಿಯಿರಬೇಕು. ಹಳೆಯ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳಲ್ಲಿ ಪಾಯಿಂಟ್ ಪೂರ್ತಿ ತೆರೆದಾಗ ಇರಬೇಕಾದ ಸಂದು 0.020 ಇಂಚು, ಅರ್ಧ ಮಿಲಿಮೀಟರ್. ಸಂದು ಹೆಚ್ಚಿದರೆ ಕಿಡಿ ಮುಂಚೆ ಬರುತ್ತದೆ, ಕುಗ್ಗಿದರೆ ತಡವಾಗುತ್ತದೆ. ಎರಡು ಸಿಲಿಂಡರಿಗೆ ಎರಡು ಜೋಡಿ ಪಾಯಿಂಟ್. ಎರಡರ ಸಂದೂ ಒಂದೇ ಆಗದಿದ್ದರೆ ಒಂದು ಸಿಲಿಂಡರ್ ದುಡಿಯುತ್ತದೆ, ಇನ್ನೊಂದು ಹಿಂದುಳಿಯುತ್ತದೆ. (1909ರಲ್ಲಿ ಓಲೆ ಎವಿನ್‌ರೂಡ್ ಮಾರಾಟಕ್ಕಿಟ್ಟ ಎಂಜಿನ್ 28 ಕಿಲೊ ತೂಗಿ ಒಂದೂವರೆ ಅಶ್ವಶಕ್ತಿ ಕೊಡುತ್ತಿತ್ತು. ಅದರ ವಂಶವೇ ಈ ಎಂಜಿನ್‌ಗಳು.)

ಔಟ್‌ಬೋರ್ಡಿಗೆ ಇನ್ನೊಂದು ಸೊಗಸಿದೆ. ಪಾಯಿಂಟ್ ಕೂತಿರುವ ತಟ್ಟೆ ಅಲುಗದೆ ನಿಂತಿರುವುದಿಲ್ಲ. ಆಕ್ಸಿಲರೇಟರ್ ಕೊಟ್ಟ ಹಾಗೆಲ್ಲ ತಟ್ಟೆಯೂ ತಿರುಗಿ ಕಿಡಿಯನ್ನು ಮುಂದಕ್ಕೆ ತರುತ್ತದೆ. 800 ಸುತ್ತಿನ ಐಡ್ಲಿಂಗಿನಲ್ಲಿ ಒಂದು ಡಿಗ್ರಿಗೆ 208 ಮೈಕ್ರೊಸೆಕೆಂಡ್ ಸಿಗುವುದರಿಂದ ಬೆಂಕಿಗೆ ಬೇಕಾದಷ್ಟು ಸಮಯ ಇರುತ್ತದೆ. ವೇಗ ಏರಿದಂತೆ ಅದೇ ಡಿಗ್ರಿ ಕಿರಿದಾಗುವುದರಿಂದ ಕಿಡಿ ಮುಂಚೆ ಹೊರಡಲೇಬೇಕು. ಸರ್ವಿಸಿನಲ್ಲಿ ಆಕ್ಸಿಲರೇಟರಿಗೂ ತಟ್ಟೆಗೂ ನಡುವಿನ ಲಿಂಕು ಸಡಿಲವಾಗಿದೆಯೇ ಎಂದು ನೋಡದೆ ಪಾಯಿಂಟ್ ಮಾತ್ರ ಉಜ್ಜಿ ಬಿಟ್ಟರೆ ಅರ್ಧ ಕೆಲಸ ಆದಂತೆ.

ಇನ್ನು ಸವೆತದ ಲೆಕ್ಕ. ನಮ್ಮ ರಾಜ್ಯದ ಸುಮಾರು 320 ಕಿಲೊಮೀಟರ್ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಎಂಜಿನ್ ಇರುವ ದೋಣಿಗಳಲ್ಲಿ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ಮಾತ್ರ ಆಗ ಕಡಲು ತೆರೆದಿರುತ್ತದೆ. ಹಳೆಯ ಪಾಯಿಂಟ್ ಎಂಜಿನ್ ಒಂದು ಆ 61 ದಿನವೂ ಅದೇ 5,000 ಸುತ್ತಿನಲ್ಲಿ ಐದೈದು ತಾಸು ಓಡಿತು ಎನ್ನೋಣ. ಒಂದು ಸಿಲಿಂಡರಿಗೆ ದಿನಕ್ಕೆ 15 ಲಕ್ಷ ಕಿಡಿ, ಎರಡು ತಿಂಗಳಿಗೆ 9 ಕೋಟಿಗೂ ಮೇಲೆ. ಮನುಷ್ಯನ ಹೃದಯ ಅಷ್ಟು ಬಡಿಯಲು ಎರಡೂವರೆ ವರ್ಷ ಬೇಕು. ಪ್ರತಿ ಕಿಡಿಗೂ ಪಾಯಿಂಟಿನ ಫೈಬರ್ ಹಿಮ್ಮಡಿ, ಪಾಯಿಂಟನ್ನು ತೆರೆಯಿಸುವ ಕ್ಯಾಮಿನ ಮೇಲೆ ಒಮ್ಮೆ ಉಜ್ಜುತ್ತದೆ. ಹಂಗಾಮಿನ ಕೊನೆಗೆ ಆ ಹಿಮ್ಮಡಿ 0.1 ಮಿಲಿಮೀಟರ್ ಸವೆದಿತ್ತು ಎಂದು ಊಹಿಸಿ, 9 ಕೋಟಿಯಿಂದ ಭಾಗಿಸಿ. ಒಂದು ಉಜ್ಜಿಗೆ ಸರಾಸರಿ ಸವೆತ ಒಂದು ಪರಮಾಣುವಿನ ಅಗಲದ ನೂರರಲ್ಲೊಂದು ಪಾಲು! ಒಂದು ಉಜ್ಜಿಗೆ ಒಂದು ಪರಮಾಣುವಿನಷ್ಟೂ ಸವೆಯದ ವಸ್ತು, ಎರಡೇ ತಿಂಗಳಲ್ಲಿ ಟೈಮಿಂಗನ್ನು ಹಿಂದಕ್ಕೆ ಎಳೆದುಬಿಡುತ್ತದೆ. ಅದಕ್ಕೇ ಕ್ಯಾಮಿಗೆ ಒರಗಿದ ಸಣ್ಣ ಫೆಲ್ಟ್ ತುಂಡಿಗೆ ಎರಡು ಹನಿ ಎಣ್ಣೆ ಬಿಡುವ ಕೆಲಸವನ್ನು ಹಳಬರು ಎಂದೂ ಮರೆಯುವುದಿಲ್ಲ. ಮೂರನೇ ಹನಿ ಬಿಡುವುದಿಲ್ಲ. ಎಣ್ಣೆ ಸಿಡಿದು ಪಾಯಿಂಟಿಗೆ ಮೆತ್ತಿದರೆ ಕಿಡಿಯೇ ಸಾಯುತ್ತದೆ.

ಹೊಸ ಎಂಜಿನ್‌ಗಳಲ್ಲಿ ಪಾಯಿಂಟ್ ಇಲ್ಲ, ಸಿಡಿಐ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. ಉಜ್ಜುವುದೂ ಇಲ್ಲ, ಸವೆಯುವುದೂ ಇಲ್ಲ. ಆದರೆ ಹಳತು ಹೊಸತು ಎರಡರಲ್ಲೂ ಫ್ಲೈವೀಲನ್ನು ಕ್ರ್ಯಾಂಕಿನ ಮೇಲೆ ಅದರ ಜಾಗದಲ್ಲೇ ಹಿಡಿದಿಡುವುದು ಅರ್ಧಚಂದ್ರಾಕಾರದ ಒಂದು ಸಣ್ಣ ಕೀ. ಪ್ರೊಪೆಲ್ಲರ್ ಬಂಡೆಗೆ ಬಡಿದೋ, ನಟ್ಟು ಸಡಿಲಾಗಿಯೋ ಅದು ಕತ್ತರಿಸಿಕೊಂಡರೆ ಎಂಜಿನ್ ಓಡುತ್ತಲೇ ಇರಬಹುದು, ಆದರೆ ಒದೆಯುತ್ತದೆ, ಬಲ ಕುಂದುತ್ತದೆ. 20 ಮಿಲಿಮೀಟರ್ ದಪ್ಪದ ಶಾಫ್ಟಿನಲ್ಲಿ ಕೀ ಅರ್ಧ ಮಿಲಿಮೀಟರ್ ಸರಿದರೆ ಟೈಮಿಂಗ್ ಸುಮಾರು ಮೂರು ಡಿಗ್ರಿ, 95 ಮೈಕ್ರೊಸೆಕೆಂಡ್ ತಪ್ಪುತ್ತದೆ. ಹಾಗಾಗಿ ಫ್ಲೈವೀಲನ್ನು ಸುತ್ತಿಗೆಯಿಂದ ಹೊಡೆಯದೆ ಪುಲ್ಲರ್ ಹಾಕಿ ಎಬ್ಬಿಸಿ, ಕೀಯ ಎರಡೂ ಬದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಮೆಟ್ಟಿಲಿನಂಥ ಗುರುತು ಕಂಡರೆ ಹೊಸದು ಹಾಕಬೇಕು. ಶಾಫ್ಟಿನ ಟೇಪರನ್ನು ಎಣ್ಣೆಯಿಲ್ಲದಂತೆ ಒಣಗಿಸಿ ಒರೆಸಿ, ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು.