ಬಾಯಿ ಕಟ್ಟಿದರೆ ಸಕ್ಕರೆ ಕಾಯಿಲೆ ಹೋಗುತ್ತದೆಯೇ?

2018ರ ಆಸುಪಾಸಿನಲ್ಲಿ ವಿಜಯವಾಡದ ವೀರಮಾಚನೇನಿ ರಾಮಕೃಷ್ಣ ಅವರ ಪಥ್ಯ ತೆಲುಗರ ಮನೆಮಾತಾಯಿತು: ಅನ್ನ ಬಿಡಿ, ಕೊಬ್ಬು ತಿನ್ನಿ. ಅದೇ ಊರಿನ ಬಳಿ ಕೃಷ್ಣೆಯ ದಂಡೆಯಲ್ಲಿ ಮಂತೆನ ಸತ್ಯನಾರಾಯಣ ರಾಜು ಅವರ ಆಶ್ರಮ ಹೇಳುವುದು ಬೇರೆ: ಉಪ್ಪು ಬೇಡ, ಎಣ್ಣೆ ಬೇಡ. ತೆಲುಗು ಬಲ್ಲ ಬಳ್ಳಾರಿ, ರಾಯಚೂರಿನ ಮನೆಗಳಿಗೂ ಈ ಎರಡೂ ಪಥ್ಯಗಳು ಮುಟ್ಟಿವೆ. ಯಾರ ಪಕ್ಷ ವಹಿಸುವ ಮೊದಲೂ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳನ್ನು ನೋಡುವುದು ಒಳ್ಳೆಯದು.

ತಪ್ಪು ಕಲ್ಪನೆ: ಸಿಹಿ ಬಿಟ್ಟರೆ ಸಾಕು, ಎಷ್ಟು ತಿಂದರೂ ನಡೆಯುತ್ತದೆ.

ಈಜಿಪ್ಟಿನ ಮರುಭೂಮಿಯಲ್ಲಿ ಉಪ್ಪುಗಿಡದ ರಸಭರಿತ ಎಲೆ ಮೇಯ್ದು ಬದುಕುವ ಮರಳಿಲಿಗೆ ಅಲ್ಲಿ ಸಕ್ಕರೆ ಕಾಯಿಲೆ ಇಲ್ಲ. 1960ರ ದಶಕದಲ್ಲಿ ಅದನ್ನು ಪ್ರಯೋಗಾಲಯಕ್ಕೆ ತಂದು, ಉಳಿದ ಇಲಿಗಳು ತಿನ್ನುವ ಸಾಮಾನ್ಯ ಉಂಡೆಯನ್ನೇ ಹೊಟ್ಟೆ ತುಂಬ ಕೊಟ್ಟರು. ಎಷ್ಟೋ ಇಲಿಗಳು ದಪ್ಪಗಾಗಿ ಕಾಯಿಲೆಗೆ ಬಿದ್ದವು. ಆ ಉಂಡೆ ಮಿಠಾಯಿಯಲ್ಲ. ಅವುಗಳ ಮೈಗೆ ಹೆಚ್ಚಾದದ್ದು ಅದರ ಕ್ಯಾಲೊರಿ. ಆಹಾರ ಅಳೆದು ಕೊಟ್ಟಾಗ ಕಾಯಿಲೆ ಬರಲಿಲ್ಲ, ಶುರುವಿನ ಹಂತದಲ್ಲಿದ್ದದ್ದು ಹಿಂದೆ ಸರಿಯಿತು. ಆದರೆ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾದ ಮೇಲೆ ಊಟ ಕಡಿತ ಕೈ ಹಿಡಿಯಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಎಷ್ಟು ಕಡಿಮೆ ತಿಂದೆವು ಎಂಬುದರಷ್ಟೇ ಎಷ್ಟು ಬೇಗ ಶುರುಮಾಡಿದೆವು ಎಂಬುದೂ ಮುಖ್ಯ.

ತಪ್ಪು ಕಲ್ಪನೆ: ದಪ್ಪಗಿದ್ದವರಿಗೆಲ್ಲ ಸಕ್ಕರೆ ಕಾಯಿಲೆ ಬಂದೇ ಬರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ವಂಶವಾಹಿಯಿಂದಲೇ ಬೊಜ್ಜು ಬರುವ ಎರಡು ಇಲಿ ತಳಿಗಳಿವೆ. ಒಂದರ ರಕ್ತದ ಸಕ್ಕರೆ ಸಹಜ ಮಟ್ಟದಲ್ಲೇ ಇರುತ್ತದೆ, ಅದನ್ನು ಹಿಡಿದಿಡಲು ಮೈ ವಿಪರೀತ ಇನ್ಸುಲಿನ್ ಸುರಿಸುತ್ತಿರುತ್ತದೆ. ಇನ್ನೊಂದಕ್ಕೆ ಗ್ಲೂಕೋಸ್ ಅರಗಿಸಿಕೊಳ್ಳಲಾಗುವುದಿಲ್ಲ. ಬೊಜ್ಜು ಎರಡಕ್ಕೂ ಇದೆ, ಸಕ್ಕರೆಯ ತೊಂದರೆ ಒಂದಕ್ಕೆ ಮಾತ್ರ.

ತಪ್ಪು ಕಲ್ಪನೆ: ಇದೆಲ್ಲ ಇಲಿಗೆ ಸರಿ, ಮನುಷ್ಯರಿಗಲ್ಲ.

ನಮ್ಮ ನೆಲದ್ದೇ ಆದ ರೀಸಸ್ ಕೋತಿಗಳ ಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1989ರಿಂದ ದೀರ್ಘ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಶೇ. 30ರಷ್ಟು ಕಡಿಮೆ ಆಹಾರ. 2009ರ ವರದಿಯ ಪ್ರಕಾರ, ಬೇಕಾದಷ್ಟು ತಿಂದ 38 ಕೋತಿಗಳಲ್ಲಿ 5ಕ್ಕೆ ಸಕ್ಕರೆ ಕಾಯಿಲೆ, 11ಕ್ಕೆ ಅದರ ಮುನ್ಸೂಚನೆ. ಕಡಿಮೆ ತಿಂದವುಗಳಲ್ಲಿ ಒಂದಕ್ಕೂ ಇಲ್ಲ. ಕಡಿಮೆ ತಿಂದರೆ ಆಯುಸ್ಸು ಹೆಚ್ಚುತ್ತದೆ ಎಂಬ ಈ ವರದಿಯ ಮಾತನ್ನು ಮಾತ್ರ 2012ರ ಇನ್ನೊಂದು ಕೋತಿ ಅಧ್ಯಯನ ಒಪ್ಪಲಿಲ್ಲ.

ಮನುಷ್ಯರಲ್ಲಿ? 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ, ಕಾಯಿಲೆ ಬಂದು 6 ವರ್ಷ ದಾಟದವರಿಗೆ ಮೊದಲ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟರು. ವರ್ಷದ ಕೊನೆಗೆ ಶೇ. 46 ಮಂದಿಯ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಗೆ ಬಂದಿತ್ತು, ಎರಡು ವರ್ಷಕ್ಕೆ ಅದು ಶೇ. 36ಕ್ಕೆ ಇಳಿಯಿತು. ಲಿವರ್ ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಕೂತ ಕೊಬ್ಬು ಕರಗುವುದೇ ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ ಸಂಶೋಧಕರು. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ.

ತಪ್ಪು ಕಲ್ಪನೆ: ಮನೆಯ ನಾಯಿ, ಬೆಕ್ಕಿಗೂ ಉಪವಾಸವೇ ಮದ್ದು.

ವಿಶಾಖಪಟ್ಟಣ, ವಿಜಯವಾಡದ ಅಪಾರ್ಟ್‌ಮೆಂಟುಗಳಲ್ಲಿ ಮೊಸರನ್ನ, ಬಿಸ್ಕತ್ತು ತಿಂದು ಉಬ್ಬಿದ ಲ್ಯಾಬ್ರಡಾರ್‌ಗಳಿಗೇನೂ ಕಡಿಮೆಯಿಲ್ಲ. ಅವಕ್ಕೆ ಅಳತೆಯ ಊಟ ಬೇಕೇ ಬೇಕು: 2002ರ ಅಧ್ಯಯನವೊಂದರಲ್ಲಿ ಶೇ. 25 ಕಡಿಮೆ ತಿಂದ ಲ್ಯಾಬ್ರಡಾರ್‌ಗಳು ಸರಿಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಆದರೆ ಸಕ್ಕರೆ ಕಾಯಿಲೆ ಬಂದ ನಾಯಿಗೆ ಸಾಮಾನ್ಯವಾಗಿ ಇನ್ಸುಲಿನ್ನೇ ಗತಿ, ಊಟ ಕಡಿತದಿಂದ ಅದು ವಾಸಿಯಾಗುವುದಿಲ್ಲ. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ಬಗೆಯ ಕಾಯಿಲೆಯನ್ನು ಹೋಲುವುದು ಬೆಕ್ಕಿನದು. ಹಾಗೆಂದು ದಪ್ಪ ಬೆಕ್ಕನ್ನು ಉಪವಾಸ ಕೆಡವಬೇಡಿ. ಕೆಲವೇ ದಿನಗಳಲ್ಲಿ ಲಿವರಿನಲ್ಲಿ ಕೊಬ್ಬು ತುಂಬಿಕೊಂಡು ಅದು ಸಾಯಬಹುದು.

ತಪ್ಪು ಕಲ್ಪನೆ: ಪಥ್ಯ ಹಿಡಿದ ದಿನವೇ ಮಾತ್ರೆ ಬಿಡಬಹುದು, ಇಲ್ಲವೇ ಎರಡೂ ಮೊದಲಿನಂತೆ ಸಾಗಬಹುದು.

ಎರಡೂ ಅಪಾಯ. ಮಾತ್ರೆಯನ್ನು ನಿಮ್ಮಷ್ಟಕ್ಕೆ ಬಿಟ್ಟರೆ ಸಕ್ಕರೆ ಏರೀತು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡು ಊಟ ಅರ್ಧ ಮಾಡಿದರೆ ಸಕ್ಕರೆ ಕುಸಿದು ಬೆವರು, ನಡುಕ ಬಂದು ಪ್ರಜ್ಞೆ ತಪ್ಪಬಹುದು. ಊಟದ ಲೆಕ್ಕ ಬದಲಿಸುವ ಮುಂಚೆಯೇ ವೈದ್ಯರಿಂದ ಮಾತ್ರೆಯ ಲೆಕ್ಕವನ್ನೂ ಬರೆಸಿಕೊಳ್ಳಿ.