ವೃಷಣದ ಗಂಟಿಗೆ ಸೂಜಿ ಏಕೆ ಚುಚ್ಚುವುದಿಲ್ಲ?

ಸ್ನಾನ ಮಾಡುವಾಗ ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕೈಗೆ ತಾಗಿದರೂ ಹುಡುಗರು ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಬಾವು ನೀರು ತುಂಬಿದ ಹೈಡ್ರೋಸೀಲ್ ಇರಬಹುದು, ಸೋಂಕಿರಬಹುದು, ಕ್ಷಯವೂ ಇರಬಹುದು. ಆದರೆ ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು 15ರಿಂದ 35ರ ಪ್ರಾಯದಲ್ಲೇ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಮಾಡಿಸಲೇಬೇಕು.

ಬೇರೆ ಗಂಟುಗಳಂತೆ ಇಲ್ಲಿ ಸಾಮಾನ್ಯವಾಗಿ ಸೂಜಿ ಚುಚ್ಚಿ ತುಣುಕು ತೆಗೆಯುವುದಿಲ್ಲ. ಚುಚ್ಚಿದ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಹೊರಗೆ ಹರಡಬಹುದು. ಶಂಕೆ ಬಲವಾಗಿದ್ದರೆ ತೊಡೆಸಂದಿಯಲ್ಲಿ ಕೊಯ್ದು ಇಡೀ ವೃಷಣವನ್ನೇ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಅದರ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಅದು ಸೆಮಿನೋಮವೋ ಬೇರೆ ಬಗೆಯೋ, ರಕ್ತನಾಳದೊಳಗೆ ಹೊಕ್ಕಿದೆಯೋ ಎಂಬುದು ಖಚಿತವಾಗುವುದು. ಮುಂದಿನ ಚಿಕಿತ್ಸೆಗೆ ಈ ವರದಿಯೇ ಆಧಾರ, ಜೋಪಾನವಾಗಿಡಿ.

ಇನ್ನೊಂದು ವೃಷಣ ಆರೋಗ್ಯವಾಗಿದ್ದರೆ ದಾಂಪತ್ಯಕ್ಕೂ ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ತೊಂದರೆಯಿಲ್ಲ. ಹರಡುವ ಮೊದಲೇ ಬಂದವರಲ್ಲಿ ಬಹುತೇಕರು ಪೂರ್ಣ ಗುಣವಾಗುತ್ತಾರೆ.